ಎತ್ತರದಿಂದ ಹೊಡೆಯುವವನ ಹೊಣೆ

ಯುದ್ಧವು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಅದನ್ನು ಬಗೆಹರಿಸುವೆನೆಂದು ಹೊರಡುವುದು ಸಾಹಸವಾದೀತು. ಪ್ರಕೃತ ಲೇಖನದ ಉದ್ದೇಶವು ಅದಲ್ಲ. ಯುದ್ಧವು ಅನಿವಾರ್ಯವಾಗಿ ಬಂದೊದಗಿದೆ, ನ್ಯಾಯವೂ ನಮ್ಮ ಪಕ್ಷದಲ್ಲಿಯೇ ಇದೆ ಎಂದು ಇಟ್ಟುಕೊಂಡು, ಅದರೊಳಗಿನ ಒಂದು ಚಿಕ್ಕ ಪ್ರಶ್ನೆಯನ್ನು ಮಾತ್ರ ಇಲ್ಲಿ ವಿಚಾರಿಸತಕ್ಕದ್ದಿದೆ. ತಾನು ಕೊಲ್ಲುವವನ ಮುಖವನ್ನು ಕಾಣದೆ, ಹತ್ತಿಪ್ಪತ್ತು ಸಾವಿರ ಅಡಿಗಳ ಎತ್ತರದಿಂದ ಬಾಂಬು ಕೆಡಹುವ ಯೋಧನಿಗೆ ಧರ್ಮಾಧರ್ಮಗಳ ಹೊಣೆ ಎಷ್ಟು? ಖಡ್ಗಧಾರಿಗಿಂತ ಹೆಚ್ಚೋ, ಕಡಿಮೆಯೋ? ಅಥವಾ ಅದೆಲ್ಲವನ್ನೂ ಆಜ್ಞೆ ಕೊಟ್ಟವರ ತಲೆಗೆ ಕಟ್ಟಿ ಅವನು ನಿಶ್ಚಿಂತನಾಗಿರಬಹುದೋ?

ಇದು ಪರದೇಶದವರ ಚಿಂತೆ, ಗೋಕಾಕ-ಮೂಡಲಗಿ-ಹುಕ್ಕೇರಿಗಳವರಿಗೆ ಇದರ ಗೊಡವೆ ಏಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಬೆಳಗಾವಿಯ ಮಗ್ಗುಲಿನ ಸಾಂಬ್ರಾದಲ್ಲಿ ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ, ವಿಮಾನನಿಲ್ದಾಣವು ನಿರ್ಮಾಣವಾಯಿತು. ಈಗ ಅಲ್ಲಿ ವಾಯುಸೇನೆಯವರ ಶಿಕ್ಷಣಶಾಲೆಯಿದೆ. ನಮ್ಮ ಜಿಲ್ಲೆಯ ಮನೆಗಳಿಂದ ತರುಣರು ಸೈನ್ಯಕ್ಕೆ ಹೋಗುವುದು ಹೊಸತಲ್ಲ. ಮಗನನ್ನು ಕಳಿಸುವ ತಂದೆತಾಯಿಗಳಿಗೆ ಈ ಪ್ರಶ್ನೆಯು ದೂರದ್ದಲ್ಲವಷ್ಟೆ. ಎರಡನೆಯದಾಗಿ, ನಾವು ಘಟಪ್ರಭೆಯ ದಂಡೆಯವರು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡರ ಹೆಸರಿನ ಅಣೆಕಟ್ಟು ೫೧ ಟಿ.ಎಂ.ಸಿ. ನೀರನ್ನು ನಮ್ಮ ತಲೆಯ ಮೇಲ್ಗಡೆ ಹಿಡಿದು ನಿಂತಿದೆ. ೧೯೪೩ರಲ್ಲಿ ಬಾಂಬುವಿಮಾನಗಳ ಒಂದು ತುಕಡಿಯು ಇಂತಹವೇ ಅಣೆಕಟ್ಟುಗಳನ್ನು ಒಡೆಯಹೊರಟಿತು. ಆ ಕಥೆಯನ್ನು ನಾವು ವಿಮಾನದೊಳಗೆ ಕುಳಿತವರಂತೆ ಕೇಳಬಹುದು, ಹೊಳೆಯ ಕೆಳದಂಡೆಯಲ್ಲಿ ಮಲಗಿದವರಂತೆಯೂ ಕೇಳಬಹುದು. ಎರಡೂ ಕಿವಿಗಳಿಂದ ಕೇಳಿದವನಿಗೆ ಮಾತ್ರ ಅದರ ಅರ್ಥವು ತಿಳಿದೀತು.

೧

ನಮ್ಮ ಪೂರ್ವಿಕರು ಯುದ್ಧವನ್ನು ತೊಡೆದುಹಾಕಲಿಲ್ಲ. ಅದಕ್ಕೆ ಕಟ್ಟಳೆಗಳನ್ನು ಮಾಡಿದರು. ಕುರುಕ್ಷೇತ್ರದಲ್ಲಿ ಶಂಖಗಳು ಮೊಳಗುವುದಕ್ಕೆ ಮೊದಲೇ ಉಭಯ ಪಕ್ಷದವರೂ ಕೂಡಿ ನಿಯಮಗಳನ್ನು ಗೊತ್ತುಮಾಡಿದರೆಂದು ಭೀಷ್ಮಪರ್ವವು ಹೇಳುತ್ತದೆ. ರಥಿಕನು ರಥಿಕನೊಡನೆಯೇ ಹೋರಬೇಕು. ಬೆನ್ನು ತಿರುಗಿಸಿದವನನ್ನೂ ಆಯುಧ ಕಳಕೊಂಡವನನ್ನೂ ಹೊಡೆಯಲಾಗದು. ಭೇರಿ ಬಾರಿಸುವವರನ್ನೂ ಶಂಖ ಊದುವವರನ್ನೂ ಮುಟ್ಟಲಾಗದು. ಅಡಗಿಸಿದ ಆಯುಧದಿಂದಲೂ ವಿಷ ಸವರಿದ, ಬೆಂಕಿಯಿಂದುರಿಯುವ ಬಾಣದಿಂದಲೂ ಹೊಡೆಯಬಾರದೆಂದು ಮನುವು ವಿಧಿಸಿದನು. ಈ ನಿಯಮಗಳೆಲ್ಲವುಗಳ ಹಿಂದೆ ಒಂದೇ ಒಂದು ಊಹೆಯಿದೆ: ಹೊಡೆಯುವವನು ಹೊಡೆಯಿಸಿಕೊಳ್ಳುವವನನ್ನು ಕಾಣುತ್ತಾನೆ. ಅವನು ಬೆನ್ನು ತಿರುಗಿಸಿದ್ದಾನೆ, ಅಂಜಿದ್ದಾನೆ, ಕೈಮುಗಿದಿದ್ದಾನೆ ಎಂಬುದು ಕಂಡಲ್ಲದೆ ಬಿಡುವುದೆಂತು? ಕಾಣುವಿಕೆಯೇ ಯುದ್ಧಧರ್ಮದ ತಳಪಾಯವು.

ನಮ್ಮ ಘಟಪ್ರಭೆಯ ಕೆಳಗಣ ದಂಡೆಯ ಮುಧೋಳದಲ್ಲಿ ಹುಟ್ಟಿದ ರನ್ನಕವಿಯು ಇದನ್ನು ಚೆನ್ನಾಗಿ ಬಲ್ಲವನು. ಗದಾಯುದ್ಧದಲ್ಲಿ ಅವನು ದುರ್ಯೋಧನನನ್ನು ಹೆಣಗಳ ನಡುವೆ ಕಾಲ್ನಡಿಗೆಯಿಂದ ನಡೆಯಿಸುತ್ತಾನೆ. ಗುರುವಿನ ಹೆಣ, ತಮ್ಮನ ಹೆಣ, ಮಗನ ಹೆಣ, ಗೆಳೆಯನ ಹೆಣ, ಹೀಗೆ ಒಂದೊಂದರ ಮುಂದೆಯೂ ಆ ಅಭಿಮಾನಧನನು ನಿಲ್ಲಬೇಕಾಗುತ್ತದೆ. ತಾನು ಹೂಡಿದ ಯುದ್ಧದ ಲೆಕ್ಕವನ್ನು ಅವನು ಕಾಲಿನಿಂದ ತುಳಿದು ತಿಳಿಯುತ್ತಾನೆ. ವಿಮಾನಯೋಧನಿಗೆ ಈ ನಡಿಗೆಯಿಲ್ಲ. ಅವನ ಕೆಳಗೆ ಕತ್ತಲೆ, ಕತ್ತಲೆಯಲ್ಲಿ ಕೆಲವು ಬೆಂಕಿಯ ಚುಕ್ಕೆಗಳು. ಅಷ್ಟರಲ್ಲಿ ವಿಮಾನವು ಮನೆಯ ಕಡೆಗೆ ತಿರುಗಿರುತ್ತದೆ.

ಇನ್ನೊಂದು ಮಾತನ್ನೂ ಮಹಾಭಾರತದಿಂದಲೇ ನೆನೆಯತಕ್ಕದ್ದು. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಲೋಕಸಂಹಾರಕವಾದ ಅಸ್ತ್ರಗಳನ್ನು ಎದುರುಬದುರಾಗಿ ಬಿಡುತ್ತಾರೆ. ನಾರದವ್ಯಾಸರು ನಡುವೆ ಬಂದು ತಡೆದಾಗ ಅರ್ಜುನನು ತನ್ನದನ್ನು ಹಿಂದೆಗೆದುಕೊಳ್ಳುತ್ತಾನೆ. ವ್ರತನಿಷ್ಠೆಯಿಲ್ಲದ ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಅವನ ಅಸ್ತ್ರವು ಹೋಗಿ ಬೀಳುವುದು ಎಲ್ಲಿ? ಉತ್ತರೆಯ ಗರ್ಭದ ಮೇಲೆ. ಬಿಟ್ಟ ಅಸ್ತ್ರವನ್ನು ಮರಳಿ ಕರೆಯಲಾರದವನು ಬಿಡತಕ್ಕವನಲ್ಲ ಎಂಬುದು ಇದರ ತಾತ್ಪರ್ಯವು. ಇಪ್ಪತ್ತು ಸಾವಿರ ಅಡಿಗಳಿಂದ ಬಿಟ್ಟ ಬಾಂಬು ನೆಲ ಮುಟ್ಟಲಿಕ್ಕೆ ಅರ್ಧ ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಅರ್ಧ ನಿಮಿಷದಲ್ಲಿ ಬಿಟ್ಟವನ ಮನಸ್ಸು ತಿರುಗಿದರೂ ಬಾಂಬು ತಿರುಗಲಾರದು. ಈ ಅರ್ಥದಲ್ಲಿ ಇಂದಿನ ಬಾಂಬುವಿಮಾನಗಳವರೆಲ್ಲರೂ ಅಶ್ವತ್ಥಾಮರೇ.

೨

ಈಗ ಆ ತುಕಡಿಯ ಇತಿಹಾಸಕ್ಕೆ ಬರುವಾ. ಅದು ಬ್ರಿಟಿಷ್ ವಾಯುಸೇನೆಯ ೬೧೭ನೆಯ ಸ್ಕ್ವಾಡ್ರನ್. ೧೯೪೩ರ ಮಾರ್ಚ್ ತಿಂಗಳಿನಲ್ಲಿ ಗೈ ಗಿಬ್ಸನ್ ಎಂಬ ಇಪ್ಪತ್ನಾಲ್ಕು ವರ್ಷದ ಅಧಿಕಾರಿಯ ಕೈಕೆಳಗೆ ಅದು ಹುಟ್ಟಿತು. ಜರ್ಮನಿಯ ರೂರ್ ಪ್ರಾಂತದ ಕಾರ್ಖಾನೆಗಳಿಗೆ ನೀರನ್ನೂ ವಿದ್ಯುಚ್ಛಕ್ತಿಯನ್ನೂ ಒದಗಿಸುತ್ತಿದ್ದ ಅಣೆಕಟ್ಟುಗಳನ್ನು ಒಡೆಯುವುದೇ ಅದರ ಮೊದಲ ಕಾರ್ಯವು. ಬಾರ್ನ್ಸ್ ವಾಲಿಸ್ ಎಂಬ ಯಂತ್ರಶಾಸ್ತ್ರಜ್ಞನು, ಹುಡುಗರು ಕೆರೆಯಲ್ಲಿ ಎಸೆದ ಬಿಲ್ಲೆಗಲ್ಲಿನಂತೆ ನೀರಿನ ಮೇಲೆ ಪುಟಿಯುತ್ತ ಹೋಗಿ ಕಟ್ಟೆಯನ್ನು ತಾಗಿ ಮುಳುಗಿ ಸಿಡಿಯುವ ಬಾಂಬನ್ನು ರಚಿಸಿದ್ದನು. ಅದನ್ನು ನೀರಿನಿಂದ ಕೇವಲ ೬೦ ಅಡಿ ಎತ್ತರದಲ್ಲಿ ಹಾರುತ್ತ ಬಿಡಬೇಕಾಗಿತ್ತು. ಮೇ ೧೬ರ ರಾತ್ರಿ ೧೯ ಲ್ಯಾಂಕಾಸ್ಟರ್ ವಿಮಾನಗಳಲ್ಲಿ ೧೩೩ ಜನರು ಹೊರಟರು. ಮ್ಯೋನೆ, ಏಡರ್ ಎಂಬ ಎರಡು ಕಟ್ಟೆಗಳು ಒಡೆದವು. ಎಂಟು ವಿಮಾನಗಳು ಮರಳಲಿಲ್ಲ. ೫೩ ಜನರು ಮಡಿದರು, ಮೂವರು ಸೆರೆಯಾದರು. ತನ್ನ ಬಾಂಬನ್ನು ಬಿಟ್ಟಾದ ಮೇಲೆಯೂ ಗಿಬ್ಸನನು ಹಿಂದಿರುಗದೆ, ಬೇರೆಯವರ ವಿಮಾನದ ಬದಿಗೆ ತನ್ನದನ್ನು ಹಾರಿಸಿ ವೈರಿಯ ಗುಂಡುಗಳನ್ನು ತನ್ನ ಕಡೆಗೆ ಸೆಳೆದುಕೊಂಡನು. ಶೌರ್ಯವೆಂದರೆ ಇದಕ್ಕಿಂತ ಹೆಚ್ಚಿನದು ಯಾವುದು?

ಇನ್ನು ಹೊಳೆಯ ದಂಡೆಗೆ ಇಳಿಯೋಣ. ಮ್ಯೋನೆಯ ಕಟ್ಟೆಯಲ್ಲಿದ್ದ ನೀರು ಐದು ಟಿ.ಎಂ.ಸಿ.ಗೂ ಕಡಿಮೆ, ಅಂದರೆ ನಮ್ಮ ಹಿಡಕಲ್ ಜಲಾಶಯದ ಹತ್ತರಲ್ಲೊಂದು ಪಾಲೂ ಇಲ್ಲ. ಅಷ್ಟರಿಂದಲೇ ೧,೩೦೦ಕ್ಕೂ ಮಿಕ್ಕಿ ಜನರು ಅಂದು ನೀರುಪಾಲಾದರು. ಅವರಲ್ಲಿ ನೂರಾರು ಜನರು ಜರ್ಮನರೇ ಅಲ್ಲ. ಜರ್ಮನರು ಪೂರ್ವದೇಶಗಳಿಂದ ಎಳೆತಂದು ದುಡಿಸುತ್ತಿದ್ದ ಪರದೇಶೀ ಕೂಲಿಯಾಳುಗಳು, ಬಹುಮಟ್ಟಿಗೆ ಹೆಣ್ಣುಮಕ್ಕಳು. ನೇಹೈಮ್ ಎಂಬ ಊರಿನ ಬಳಿ ಅವರನ್ನು ಕೂಡಿಹಾಕಿದ್ದ ಗುಡಿಸಲುಗಳು ಹೊಳೆಯ ಪಾತ್ರದ ಬದಿಗೇ ಇದ್ದವು. ಯಾರ ಬಿಡುಗಡೆಗಾಗಿ ಯುದ್ಧವು ನಡೆದಿತ್ತೋ ಅವರೇ ಮೊದಲು ಮುಳುಗಿದರು. ಕಟ್ಟೆಯಾದರೂ ಅದೇ ವರ್ಷದ ಶರತ್ಕಾಲದೊಳಗೆ ತಿರುಗಿ ಕಟ್ಟಲ್ಪಟ್ಟಿತು. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯು ಗೋಕಾಕ ಪಟ್ಟಣದೊಳಗೆ ನುಗ್ಗಿದುದನ್ನು ಕಂಡವರಿಗೆ ಆ ರಾತ್ರಿಯನ್ನು ಊಹಿಸಲು ಕಷ್ಟವಾಗದು. ನಮಗಾದರೋ ಮುನ್ಸೂಚನೆಯಿತ್ತು, ಏರಿ ನಿಲ್ಲಲು ಗುಡ್ಡವಿತ್ತು.

೧೯೭೭ರಲ್ಲಿ ಜಿನೀವಾದ ಒಪ್ಪಂದಗಳಿಗೆ ಕೂಡಿಸಿದ ಕಟ್ಟಳೆಯಲ್ಲಿ, ಪ್ರಜೆಗಳಿಗೆ ಘೋರವಾದ ಹಾನಿಯಾಗುವಂತಿದ್ದರೆ ಅಣೆಕಟ್ಟುಗಳ ಮೇಲೆ ಆಘಾತ ಮಾಡಕೂಡದೆಂಬ ನಿಷೇಧವು ಬಂದಿತು. ಎಲ್ಲ ರಾಷ್ಟ್ರಗಳೂ ಅದನ್ನು ಒಪ್ಪಿಲ್ಲ. ಒಪ್ಪಿದವರೂ ಪಾಲಿಸುವರೆಂಬ ನೆಚ್ಚಿಕೆಯಿಲ್ಲ. ೨೦೨೩ರ ಜೂನ್ ೬ರಂದು ಉಕ್ರೇನಿನ ಕಾಖೋವ್ಕಾ ಅಣೆಕಟ್ಟು ಯುದ್ಧದ ನಡುವೆಯೇ ಒಡೆದುದನ್ನು ಜಗತ್ತು ಕಂಡಿದೆ. ಕಟ್ಟಳೆಗಳು ಬೇಕು, ಆದರೆ ಅವು ಕಾಗದದಿಂದ ಕೈಗೆ ಇಳಿಯಬೇಕಾದರೆ ನಡುವೆ ಒಬ್ಬ ಮನುಷ್ಯನು ಬೇಕಾಗುತ್ತಾನೆ.

೩

ಅಂತಹ ಮನುಷ್ಯನೊಬ್ಬನು ಅದೇ ತುಕಡಿಗೆ ದೊರೆತನು. ಲಿಯೊನಾರ್ಡ್ ಚೆಷೈರ್ ಎಂಬವರು ೧೯೧೭ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರವನ್ನೋದಿ, ೧೯೪೦ರಿಂದ ಬಾಂಬುವಿಮಾನಗಳನ್ನು ನಡೆಯಿಸತೊಡಗಿದರು. ಎಳೆಯ ವಯಸ್ಸಿನಲ್ಲಿಯೇ ಗ್ರೂಪ್ ಕ್ಯಾಪ್ಟನ್ ಪದವಿಗೇರಿದ್ದರೂ, ತಿರುಗಿ ಯುದ್ಧದಲ್ಲಿ ಹಾರುವುದಕ್ಕಾಗಿ ಒಂದು ಮೆಟ್ಟಲು ಕೆಳಗಿನ ಪದವಿಯನ್ನು ತಾವಾಗಿಯೇ ಒಪ್ಪಿಕೊಂಡು ೧೯೪೩ರ ಕೊನೆಗೆ ೬೧೭ನೆಯ ಸ್ಕ್ವಾಡ್ರನ್ನಿನ ನಾಯಕರಾದರು. ಗುರಿಯನ್ನು ನಿಶ್ಚಯಿಸಬೇಕಾದವನು ಎಲ್ಲರಿಗಿಂತ ಕೆಳಗಿಳಿದು, ನೆಲಕ್ಕೆ ತೀರ ಸಮೀಪದಲ್ಲಿ ಹಾರಿ, ಬೆಳಕಿನ ಗುರುತು ಇಡಬೇಕು. ಉಳಿದವರು ಆ ಗುರುತಿನ ಮೇಲೆ ಮಾತ್ರ ಬಾಂಬು ಹಾಕಬೇಕು ಎಂಬುದು ಅವರು ಬೆಳೆಯಿಸಿದ ಪದ್ಧತಿಯು. ನಿರ್ದಿಷ್ಟವಾದ ಗುರಿಯನ್ನು ಬಿಟ್ಟು ಊರಿಗೆ ಊರನ್ನೇ ಸುಡುವ ರೂಢಿಯು ನಡೆದಿದ್ದ ಕಾಲದಲ್ಲಿ ಇದು ವಿಶೇಷವು.

೧೯೪೪ರ ಫೆಬ್ರುವರಿ ೮ರ ರಾತ್ರಿಯ ಪ್ರಸಂಗವೊಂದನ್ನು ವಿಸ್ತಾರವಾಗಿ ಹೇಳಬೇಕು. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಲಿಮೋಜ್ ಎಂಬ ಊರಿನಲ್ಲಿ ವಿಮಾನದ ಇಂಜಿನುಗಳನ್ನು ಮಾಡುವ ಕಾರ್ಖಾನೆಯಿತ್ತು. ರಾತ್ರಿಯ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚರು, ಹೆಚ್ಚಾಗಿ ಹೆಂಗಸರು. ಕಾರ್ಖಾನೆಯನ್ನು ಕೆಡಿಸಬೇಕೆಂದು ಆಜ್ಞೆ. ಫ್ರೆಂಚ್ ಪ್ರಜೆಗಳಿಗೆ ಹಾನಿ ತಟ್ಟಬಾರದೆಂಬ ಕಾಳಜಿಯೂ ಮೇಲಿನವರಲ್ಲಿತ್ತು. ಚೆಷೈರರು ಬೆಳದಿಂಗಳಲ್ಲಿ ತಮ್ಮ ವಿಮಾನವನ್ನು ಕಾರ್ಖಾನೆಯ ಮಾಡಿಗೆ ತಾಗುವಷ್ಟು ಕೆಳಗಿಳಿಸಿ ಮೂರು ಸಲ ಅದರ ಮೇಲೆ ಹಾರಿಸಿದರು. ಆ ಗರ್ಜನೆಯೇ ಎಚ್ಚರಿಕೆಯ ಡಂಗುರವಾಯಿತು. ಒಳಗಿದ್ದವರು ಕೆಲಸ ಬಿಟ್ಟು ಓಡಿಹೋದರು. ಬಳಿಕವೇ ಅವರು ಗುರುತಿನ ಬೆಂಕಿಯನ್ನಿಟ್ಟರು, ಹಿಂದಿನ ವಿಮಾನಗಳು ಬಾಂಬುಗಳನ್ನು ಹಾಕಿದವು, ಕಾರ್ಖಾನೆಯು ನೆಲಸಮವಾಯಿತು. ಕೆಲಸವು ಕೆಡಲಿಲ್ಲ, ಜನರೂ ಉಳಿದರು. ಆದರೆ ಮೂರು ಸಲ ಕೆಳಗೆ ಹಾರುವುದೆಂದರೆ ಮೂರು ಸಲ ತಮ್ಮ ಪ್ರಾಣವನ್ನೂ ತಮ್ಮೊಡನಿದ್ದವರ ಪ್ರಾಣವನ್ನೂ ಪಣಕ್ಕೊಡ್ಡುವುದು ಎಂಬುದನ್ನು ಮರೆಯಲಾಗದು.

ನೂರು ಬಾರಿ ಯುದ್ಧಕ್ಕೆ ಹಾರಿ ಬಂದ ಬಳಿಕ ಅವರಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಪರಮಪದಕವು ದೊರೆಯಿತು. ೧೯೪೫ರ ಆಗಸ್ಟ್ ೯ರಂದು ನಾಗಾಸಾಕಿಯ ಮೇಲೆ ಪರಮಾಣುಬಾಂಬು ಬಿದ್ದಾಗ ಬ್ರಿಟನ್ನಿನ ಪರವಾಗಿ ಸಾಕ್ಷಿಯಾಗಿ ಹೋದ ಇಬ್ಬರಲ್ಲಿ ಅವರೊಬ್ಬರು. ಬಹುದೂರದಿಂದ, ಅಪಾಯವೇನೂ ಇಲ್ಲದೆ, ಕಪ್ಪು ಕನ್ನಡಕದ ಹಿಂದಿನಿಂದ ಒಂದು ಬೆಳಕನ್ನೂ ಒಂದು ಮೋಡವನ್ನೂ ಕಂಡರು. ಆ ಮೋಡದ ಕೆಳಗೆ ಆ ವರ್ಷದ ಕೊನೆಯೊಳಗಾಗಿ ಸುಮಾರು ೭೦,೦೦೦ ಜನರು ಸತ್ತರೆಂದು ಗಣಿಸುತ್ತಾರೆ. ಲಿಮೋಜಿನಲ್ಲಿ ಮಾಡಿಗೆ ತಾಗುವಂತೆ ಇಳಿದವರು ಇಲ್ಲಿ ಇಳಿಯುವಂತಿರಲಿಲ್ಲ.

೧೯೪೬ರಲ್ಲಿ ಅವರು ಸೇನೆಯನ್ನು ಬಿಟ್ಟರು. ಎರಡು ವರ್ಷಗಳ ಮೇಲೆ, ತಮ್ಮ ಕೈಕೆಳಗೆ ಇದ್ದ ಡೈಕ್ಸ್ ಎಂಬವನೊಬ್ಬನು ಅರ್ಬುದರೋಗದಿಂದ ಸಾಯುತ್ತಿರುವನೆಂದೂ ಅವನಿಗೆ ಹೋಗಲು ಬೇರೆ ತಾವಿಲ್ಲವೆಂದೂ ತಿಳಿದುಬಂದಿತು. ಯಾವ ಸ್ಥಳವೂ ಸಿಗದಿರಲು ಚೆಷೈರರು ಅವನನ್ನು ಲಿ ಕೋರ್ಟ್ ಎಂಬ ತಮ್ಮ ಮನೆಗೇ ಕರೆತಂದು, ಮೈ ತೊಳೆದು, ಉಣಿಸಿ, ಕೊನೆಯ ತನಕ ತಾವೇ ಶುಶ್ರೂಷೆ ಮಾಡಿದರು. ಅದೇ ಮನೆಯಿಂದ ಅಂಗವಿಕಲರಿಗಾಗಿ, ದೀರ್ಘರೋಗಿಗಳಿಗಾಗಿ ಚೆಷೈರ್ ಹೋಮ್‌ಗಳು ಹುಟ್ಟಿ ಲೋಕದಲ್ಲೆಲ್ಲ ಹರಡಿದವು. ಬ್ರಿಟನ್ನಿನ ಹೊರಗೆ ಮೊದಲನೆಯದು ಮುಂಬಯಿಯಲ್ಲಿ ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಅವುಗಳಲ್ಲೊಂದಿದೆ. ಚೆಷೈರರು ೧೯೯೨ರಲ್ಲಿ ತೀರಿಕೊಂಡರು.

೪

ಈ ಚರಿತ್ರೆಯನ್ನು ಕೇಳಿದೊಡನೆ ನಮ್ಮವರ ಮನಸ್ಸು ಕಳಿಂಗದ ಅಶೋಕನ ಕಡೆಗೆ ಹರಿಯುವುದು ಸಹಜವು. ಕೊಂದವನು ಪಶ್ಚಾತ್ತಾಪಪಟ್ಟನು, ಪ್ರಾಯಶ್ಚಿತ್ತಕ್ಕಾಗಿ ಸೇವೆಗೆ ನಿಂತನು ಎಂದು ಕಥೆಯನ್ನು ಮುಗಿಸಿಬಿಡಬಹುದು. ಆದರೆ ಸತ್ಯವು ಅಷ್ಟು ಸುಲಭವಲ್ಲ. ಯುದ್ಧವು ಬೇಗ ಮುಗಿಯಲು ಆ ಬಾಂಬು ಕಾರಣವಾಯಿತೆಂದೂ, ಆದುದರಿಂದ ಇನ್ನೂ ಹೆಚ್ಚಿನ ಸಾವುಗಳು ತಪ್ಪಿದವೆಂದೂ ಚೆಷೈರರು ಕೊನೆಯವರೆಗೂ ನಂಬಿದ್ದರು. ಅವರ ಸೇವೆಯು ಹಳೆಯ ಸಾಲದ ತೀರುವಳಿಯಲ್ಲ. ಸತ್ತವರ ಲೆಕ್ಕಕ್ಕೆ ಸಲಹಿದವರ ಲೆಕ್ಕವನ್ನು ಜಮಾ ಮಾಡುವ ಖಾತೆಪುಸ್ತಕವು ಧರ್ಮದಲ್ಲಿಲ್ಲ. ನನ್ನ ಅಲ್ಪಮತಿಗೆ ತೋರುವುದಿಷ್ಟೆ: ಲಿಮೋಜಿನ ಆ ರಾತ್ರಿಯಲ್ಲಿಯೂ ಡೈಕ್ಸನ ಹಾಸಿಗೆಯ ಬಳಿಯಲ್ಲಿಯೂ ಕೆಲಸ ಮಾಡಿದುದು ಒಂದೇ ಗುಣವು. ಎತ್ತರದಿಂದ ಇಳಿದು ಬಂದು, ಇದ್ದವರನ್ನು ಕಂಡು, ಬಳಿಕ ಮಾಡತಕ್ಕದ್ದನ್ನು ಮಾಡುವುದು. ಪ್ರಾಯಶ್ಚಿತ್ತವೆಂದರೆ ಈ ಗುಣವು ಎರಡನೆಯ ಕಡೆಗೆ ಮಾತ್ರ ಇದ್ದಂತಾಯಿತು. ಅದು ಮೊದಲಿನಿಂದಲೂ ಇದ್ದಿತು.

ಇನ್ನು ಪೂರ್ವಪಕ್ಷಿಗಳ ಎರಡು ಮಾತುಗಳನ್ನು ವಿಚಾರಿಸೋಣ. ಆಜ್ಞಾಧಾರಕನಿಗೆ ಪಾಪಲೇಪವಿಲ್ಲ ಎಂಬುದು ಮೊದಲನೆಯದು. ಆಜ್ಞೆಯು ಏನು ಮಾಡಬೇಕೆಂದು ಹೇಳುತ್ತದೆ; ಹೇಗೆ ಎಂಬುದರಲ್ಲಿ ಬಹುಭಾಗವು ಮಾಡುವವನ ಕೈಯಲ್ಲಿ ಉಳಿಯುತ್ತದೆ. ಆಜ್ಞೆಗೂ ಕೃತಿಗೂ ನಡುವೆ ಒಂದು ಬಿಡುವು ಇದ್ದೇ ಇರುತ್ತದೆ. ಆ ಬಿಡುವಿನ ಒಡೆಯನು ಅರಸನೂ ಅಲ್ಲ, ಸೇನಾಪತಿಯೂ ಅಲ್ಲ. ಲಿಮೋಜಿನಲ್ಲಿ ಮೂರು ಸುತ್ತುಗಳಷ್ಟಿದ್ದ ಆ ಬಿಡುವಿನಲ್ಲಿಯೇ ಧರ್ಮವೆಲ್ಲವೂ ನಡೆದುಹೋಯಿತು.

ಕಾಣದವನಿಗೆ ಹೊಣೆಯಿಲ್ಲವೆಂಬುದು ಎರಡನೆಯದು. ಹೊಲದಲ್ಲಿ ಕಬ್ಬಿನ ರವದಿಗೆ ಬೆಂಕಿಯಿಟ್ಟು ಮನೆಗೆ ಬಂದು ಮಲಗಿದವನು, ನೆರೆಯವನ ಬಣವಿ ಸುಟ್ಟುಹೋದಾಗ ‘ನಾನು ನೋಡಲಿಲ್ಲ’ವೆಂದರೆ ಊರ ಪಂಚರು ಒಪ್ಪುವರೇ? ಗಾಳಿ ಯಾವ ದಿಕ್ಕಿಗಿದೆಯೆಂದು ನೋಡುವುದು ಬೆಂಕಿಯಿಡುವವನ ಕರ್ತವ್ಯವು. ಕೈಯ ಅಳವು ಎಷ್ಟು ಉದ್ದವಾಗುವುದೋ ಕಣ್ಣಿನ ಹೊಣೆಯೂ ಅಷ್ಟೇ ಉದ್ದವಾಗಬೇಕು. ಹೀಗಾಗಿ ಎತ್ತರದಿಂದ ಹೊಡೆಯುವವನ ಹೊಣೆಯು ಖಡ್ಗಧಾರಿಯದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಖಡ್ಗಧಾರಿಗೆ ಕಣ್ಣು ತಾನಾಗಿಯೇ ಸಹಾಯಮಾಡುತ್ತದೆ. ಇವನು ಪ್ರಯತ್ನಪೂರ್ವಕವಾಗಿ ಕಾಣಬೇಕು.

ಹಾಗೆಂದು ಆ ಯೋಧರನ್ನು ಕಠೋರವಾಗಿ ತೂಗುವುದು ನ್ಯಾಯವಲ್ಲ. ಬ್ರಿಟಿಷ್ ಬಾಂಬುವಿಮಾನದಳದಲ್ಲಿ ಹಾರಿದ ಸುಮಾರು ೧,೨೫,೦೦೦ ಜನರಲ್ಲಿ ೫೫,೫೭೩ ಜನರು ಮರಣಹೊಂದಿದರು. ಬಹುತರ ಇಪ್ಪತ್ತರ ಆಸುಪಾಸಿನ ಹುಡುಗರು. ಗುಂಡಿನ ಮಳೆಯಲ್ಲಿ ಅವರೆಲ್ಲರೂ ಕೆಳಗಿಳಿಯಲಿಲ್ಲವೇಕೆಂದು, ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುವುದು ಸುಲಭ. ಚೆಷೈರರಾದರೂ ಮೊದಲಿನ ವರ್ಷಗಳಲ್ಲಿ ಜರ್ಮನಿಯ ಪಟ್ಟಣಗಳ ಮೇಲೆ ಎಲ್ಲರಂತೆಯೇ ಬಾಂಬು ಹಾಕಿದವರು. ಆದುದರಿಂದ ಹೊಣೆಯ ಮೊದಲ ಪಾಲು ಆಜ್ಞೆ ಬರೆಯುವವನದು: ಕೆಳಗಿನವನಿಗೆ ಕಾಣಲು, ಎಚ್ಚರಿಸಲು, ಬಿಡಲು ಎಡೆಯಿರುವಂತೆ ಅವನು ಆಜ್ಞೆಯನ್ನು ಬರೆಯಬೇಕು. ಆದರೆ ಅವನ ಪಾಲು ಹೆಚ್ಚಿತೆಂದು ಮಾಡುವವನ ಪಾಲು ಕುಗ್ಗುವುದಿಲ್ಲ. ಆಸ್ತಿಯು ಹಂಚಿಕೊಂಡರೆ ಕಡಿಮೆಯಾಗುವಂತೆ ಹೊಣೆಯು ಆಗುವುದಿಲ್ಲ.

೫

ನಮ್ಮ ದೇಶದ ಬಾಂಬುವಿಮಾನದಳವು ರೂಪುಗೊಂಡ ಬಗೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮಹಾಯುದ್ಧವು ಮುಗಿದ ಮೇಲೆ ಪರದೇಶದವರು ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಜೋಡಿಸಿ ಹಾರುವಂತೆ ಮಾಡಿದರು. ಅವುಗಳನ್ನು ಕೊಂಡು ೧೯೪೮ರ ನವೆಂಬರ್ ೨ರಂದು ೫ನೆಯ ಸ್ಕ್ವಾಡ್ರನ್ ಹುಟ್ಟಿತು. ೧೯೫೭ರಲ್ಲಿ ಅದಕ್ಕೆ ಕ್ಯಾನ್‌ಬೆರಾ ವಿಮಾನಗಳು ಬಂದವು.

ಅಂತಹ ಕ್ಯಾನ್‌ಬೆರಾಗಳ ಕೆಲಸವನ್ನು ನಮ್ಮ ಸೀಮೆಯ ನೆರೆಯಲ್ಲಿಯೇ ಕಾಣುವ ಪ್ರಸಂಗವು ೧೯೬೧ರಲ್ಲಿ ಬಂದಿತು. ಗೋವೆಯ ಬಿಡುಗಡೆಗಾಗಿ ವಾಯುಸೇನೆಯ ಬಲವನ್ನು ಪುಣೆಯಲ್ಲಿಯೂ ನಮ್ಮ ಸಾಂಬ್ರಾದಲ್ಲಿಯೂ ಕೂಡಿಸಲಾಗಿತ್ತು. ಅದರ ನಾಯಕರಾದ ಏರ್ ವೈಸ್ ಮಾರ್ಷಲ್ ಅರ್ಲಿಕ್ ಪಿಂಟೋ ಅವರಿಗೆ ಕೊಟ್ಟ ಆಜ್ಞೆಯಲ್ಲಿಯೇ ಒಂದು ಕಟ್ಟಿತ್ತು: ದಾಬೋಲಿಯ ಓಡುದಾರಿಯನ್ನು ಕೆಡಿಸಬೇಕು, ನಿಲ್ದಾಣದ ಕಟ್ಟಡಗಳನ್ನು ಮುಟ್ಟಬಾರದು. ಡಿಸೆಂಬರ್ ೧೮ರಂದು ವಿಂಗ್ ಕಮಾಂಡರ್ ಎನ್. ಬಿ. ಮೆನನ್ನರ ಮುಂದಾಳ್ತನದಲ್ಲಿ ೧೨ ಕ್ಯಾನ್‌ಬೆರಾಗಳು ೬೩,೦೦೦ ಪೌಂಡು ಬಾಂಬುಗಳನ್ನು ಆ ಓಡುದಾರಿಯ ಮೇಲೆ ಹಾಕಿದವು. ಸಾಂಬ್ರಾದಿಂದೆದ್ದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತುಕೇಂದ್ರವನ್ನು ಹೊಡೆದವು. ಕ್ಯಾನ್‌ಬೆರಾಗಳ ಎರಡನೆಯ ಅಲೆಯು ಬಂದಾಗ ನಿಲ್ದಾಣದಲ್ಲಿ ಎರಡು ಸಾಗಾಣಿಕೆಯ ವಿಮಾನಗಳು ನಿಂತಿದ್ದವು. ಅವುಗಳನ್ನು ಬೇಕೆಂದೇ ಬಿಟ್ಟರು. ಪೋರ್ತುಗೀಜರು ಓಡುದಾರಿಯ ಒಂದಿಷ್ಟು ಭಾಗವನ್ನು ಅವಸರದಿಂದ ಸರಿಪಡಿಸಿ, ಅಂದಿನ ರಾತ್ರಿಯೇ ಆ ಎರಡರಲ್ಲಿ ಅಧಿಕಾರಿಗಳ ಕುಟುಂಬದವರನ್ನು ಕುಳ್ಳಿರಿಸಿ ಕರಾಚಿಗೆ ಹಾರಿಸಿಬಿಟ್ಟರು.

ಯುದ್ಧತಂತ್ರದ ದೃಷ್ಟಿಯಿಂದ ಇದನ್ನು ಕೊರತೆಯೆನ್ನುವವರಿರಬಹುದು. ಬಲಹೀನನಾದ ವೈರಿಯೆದುರಿಗೆ ಸಂಯಮವು ಸುಲಭವೆಂದೂ, ನಾಳೆ ನಮ್ಮದಾಗುವ ನಿಲ್ದಾಣವನ್ನು ನಾವೇ ಕೆಡಿಸದಿರುವುದು ಜಾಣತನವೆಂದೂ ಹೇಳಬಹುದು. ಆ ಮಾತಿನಲ್ಲಿ ನಿಜವಿದೆ. ಆದರೂ ಅಂದು ಬಿಟ್ಟುಕೊಟ್ಟ ಎರಡು ವಿಮಾನಗಳಲ್ಲಿ ಹೆಂಗಸರೂ ಮಕ್ಕಳೂ ಜೀವದಿಂದ ಹೋದರೆಂಬುದು ಸುಳ್ಳಾಗುವುದಿಲ್ಲ. ಹೀಗೆ ಉಳಿದವರು ಯಾವ ವಿಜಯಸ್ತಂಭದ ಮೇಲೂ ಕಾಣುವುದಿಲ್ಲ. ನಡೆಯದೆ ಹೋದ ಕೊಲೆಗೆ ಶಾಸನವನ್ನು ಯಾರೂ ಕೆತ್ತಿಸುವುದಿಲ್ಲವಷ್ಟೆ.

ಇಂದು ವಿಮಾನದಲ್ಲಿ ಕುಳಿತುಕೊಳ್ಳುವವನೂ ಬೇಕಾಗಿಲ್ಲ. ಸಾವಿರಾರು ಮೈಲು ದೂರದ ಕೋಣೆಯಲ್ಲಿ ಪರದೆಯ ಮುಂದೆ ಕುಳಿತವನು ಗುಂಡಿಯೊತ್ತುತ್ತಾನೆ. ಪರದೆಯು ಅವನಿಗೆ ಹಿಂದಿನವರಿಗಿಂತ ಹೆಚ್ಚನ್ನು ತೋರಿಸುತ್ತದೆ. ಆದರೆ ತೋರುವುದು ಬೇರೆ, ಕಾಣುವುದು ಬೇರೆ. ಅವನಿಗೆ ಪ್ರಾಣಭಯವಿಲ್ಲ, ಆದುದರಿಂದ ಮೂರು ಸುತ್ತು ಹೆಚ್ಚು ಸುತ್ತಲಾರೆನೆಂಬ ನೆವವೂ ಅವನಿಗಿಲ್ಲ. ಹೊಣೆಯು ಅಷ್ಟರಮಟ್ಟಿಗೆ ಹೆಚ್ಚಿದೆ.

ಸೈನ್ಯಕ್ಕೆ ಹೊರಟ ಮಗನಿಗೆ ಶೌರ್ಯವನ್ನು ಸೇನೆಯವರು ಕಲಿಸುವರು, ಗುರಿಯನ್ನೂ ಅವರೇ ಕಲಿಸುವರು. ಕೆಳಗೆ ಯಾರಿದ್ದಾರೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಮಾತ್ರ ಮನೆಯಲ್ಲಿ, ಎಳವೆಯಲ್ಲಿ, ಕಲಿಸಬೇಕಾಗುತ್ತದೆ. ಹಕ್ಕಿಗೆ ಕವಣೆ ಬೀಸುವ ಹುಡುಗನ ಕೈಯನ್ನು ಅಜ್ಜನು ಹಿಡಿದು ‘ಗೂಡಿನಲ್ಲಿ ಮರಿಗಳಿವೆಯೇನು, ಮೊದಲು ನೋಡು’ ಎಂದರೆ ಸಾಕು. ಮುಂದೆ ಎಂದಾದರೊಂದು ದಿನ, ಎಷ್ಟೋ ಎತ್ತರದಲ್ಲಿ, ಆಜ್ಞೆಗೂ ಕೃತಿಗೂ ನಡುವಣ ಬಿಡುವಿನಲ್ಲಿ, ಆ ಕೈ ಅವನ ಕೈಯ ಮೇಲೆ ಇದ್ದೀತು.